ಗರಗಸ ಕೊಳ್ಳುವಾಗ ಹಲ್ಲು ನೋಡಿ

ಕಾಫಿ ಕೊಯ್ಲು ಮುಗಿದು ಗಿಡ ಕಸಿ, ಅಂದರೆ ರೆಂಬೆ ಸವರುವ ಕೆಲಸ, ಶುರುವಾದರೆ ಮಲೆನಾಡಿನ ತೋಟಗಳಲ್ಲಿ ಕತ್ತಿಗೆ ಬಿಡುವಿಲ್ಲ. ಎಳೆ ಚಿಗುರಿಗೆ ಕತ್ತಿಯ ಒಂದೇಟು ಸಾಕು. ಹೆಬ್ಬೆರಳಿಗಿಂತ ದಪ್ಪನೆಯ ರೆಂಬೆಯಾದರೆ, ಏಟು ತುಸು ಓರೆಯಾದರೂ ಕೊಂಬೆ ಸೀಳಿ ತೊಗಟೆ ಕಾಂಡದವರೆಗೂ ಸುಲಿದು ಬರುತ್ತದೆ. ಹಾಗೆ ಸುಲಿದ ಗಾಯ ಬೇಗ ಮಾಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಮಡಚುವ ಗರಗಸ. ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ದಿನ ತೋಟ ಸುತ್ತಬಹುದು.

ಅಂಗಡಿಗೆ ಹೋಗುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು: ನಾನು ಕೊಯ್ಯುವುದು ಹಸಿ ಮರವನ್ನೋ, ಒಣ ಮರವನ್ನೋ? ಹಸಿ ಮರದ ಪುಡಿ ತೇವವಾಗಿರುತ್ತದೆ. ಹಲ್ಲು ಸಣ್ಣದಾಗಿದ್ದರೆ ಸಂದುಗಳಲ್ಲಿ ಮೆತ್ತಿಕೊಂಡು ಅಲಗು ಸಿಕ್ಕಿಬೀಳುತ್ತದೆ. ಆದ್ದರಿಂದ ಹಸಿ ರೆಂಬೆಗೆ ಹಲ್ಲು ದೊಡ್ಡದಿರಬೇಕು, ನಡುವಿನ ಸಂದು ಆಳವಾಗಿರಬೇಕು. ಒಣಗಿದ ಗಟ್ಟಿ ಮರಕ್ಕೆ, ಬಿದಿರಿಗೆ ಸಣ್ಣ ಹಲ್ಲೇ ಸರಿ. ಬಿದಿರನ್ನು ದೊಡ್ಡ ಹಲ್ಲಿನಿಂದ ಕೊಯ್ದರೆ ನಾರು ಎದ್ದು ಅಂಚು ಸಿಬಿರೇಳುತ್ತದೆ.

ಇನ್ನು ಹಲ್ಲಿನ ದಿಕ್ಕು. ನಮ್ಮ ಬಡಗಿಗಳ ಸಾಮಾನ್ಯ ಕೈಗರಗಸ ಮುಂದಕ್ಕೆ ತಳ್ಳಿದಾಗ ಕೊಯ್ಯುತ್ತದೆ. ಮಡಚುವ ಗರಗಸಗಳಲ್ಲಿ ಹೆಚ್ಚಿನವುಗಳ ಹಲ್ಲು ಹಿಡಿಯ ಕಡೆಗೆ ಬಾಗಿರುತ್ತವೆ. ಅವು ಕೊಯ್ಯುವುದು ಎಳೆದಾಗ. ಎಳೆದ ಅಲಗು ತಾನಾಗಿ ನೆಟ್ಟಗೆ ನಿಲ್ಲುವುದರಿಂದ ಅದನ್ನು ತೆಳ್ಳಗೆ ಮಾಡಬಹುದು. ತೆಳ್ಳಗಿದ್ದಷ್ಟೂ ಪುಡಿಯಾಗುವ ಮರ ಕಡಿಮೆ, ತೋಳಿಗೆ ಶ್ರಮವೂ ಕಡಿಮೆ. ಹಳೆಯ ರೂಢಿಯಲ್ಲಿ ತಳ್ಳಿದರೆ ಮಾತ್ರ ಅಲಗು ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಜಪಾನಿನ ಸಿಲ್ಕಿ ಕಂಪನಿಯ ಪಾಕೆಟ್‌ಬಾಯ್, ಗೊಂಬಾಯ್ ಈ ಎಳೆಯುವ ಜಾತಿಯವು. ಬಾಹ್ಕೋ ಕಂಪನಿಯ ಲ್ಯಾಪ್‌ಲ್ಯಾಂಡರ್ ಎರಡೂ ಕಡೆಗೆ ಕೊಯ್ಯುತ್ತದೆ. ಅದರ ಅಲಗು 190 ಮಿ.ಮೀ., ಅಂಗುಲಕ್ಕೆ 7 ಹಲ್ಲು. ಕೈ ಇನ್ನೂ ಪಳಗದವರಿಗೆ ನಾನು ಸೂಚಿಸುವುದು ಇದನ್ನೇ. ದಿನವಿಡೀ ಹಸಿ ರೆಂಬೆ ಕೊಯ್ಯುವವರಿಗೆ ಎಳೆಯುವ ಗರಗಸಕ್ಕೆ ಸಾಟಿಯಿಲ್ಲ.

ಅಲಗಿನ ಉದ್ದ ಕೊಂಬೆಯ ದಪ್ಪದ ಎರಡರಷ್ಟಾದರೂ ಇರಲಿ. 170 ಮಿ.ಮೀ. ಅಲಗಿಗೆ ಎಂಟು ಸೆಂಟಿಮೀಟರ್ ದಪ್ಪದ ಕೊಂಬೆಯೇ ಮಿತಿ. ಜೇಬಿಗೆ ಹಿಡಿಯುವ ಪುಟ್ಟ ಗರಗಸವನ್ನು ಆಸೆಪಟ್ಟು ಕೊಂಡು, ಸಿಲ್ವರ್ ಓಕ್ ಕೊಂಬೆಯ ಮೇಲೆ ಅರ್ಧ ತಾಸು ಒದ್ದಾಡುವುದು ಬೇಡ.

ಅಂಗಡಿಯಲ್ಲಿ ಗರಗಸವನ್ನು ಬಿಚ್ಚಿ ಲಾಕ್ ಹಾಕಿ ಅಲಗನ್ನು ಪಕ್ಕಕ್ಕೆ ಅಲುಗಾಡಿಸಿ ನೋಡಿ. ಕೀಲಿನಲ್ಲಿ ಸಡಿಲವಿದ್ದರೆ ಅಲ್ಲೇ ಇಟ್ಟು ಬನ್ನಿ. ಕೊಯ್ಯುವ ನಡುವೆ ಲಾಕ್ ಜಾರಿದರೆ ಅಲಗು ಮಡಚಿ ಬೀಳುವುದು ನಿಮ್ಮ ಬೆರಳ ಮೇಲೆಯೇ. ಆಮೇಲೆ ಹಲ್ಲಿನ ತುದಿ ನೋಡಿ. ಅದು ನೀಲಿಗಪ್ಪಾಗಿದ್ದರೆ, ತುದಿಯನ್ನಷ್ಟೇ ವಿದ್ಯುತ್ತಿನಿಂದ ಕ್ಷಣಮಾತ್ರದಲ್ಲಿ ಕಾಯಿಸಿ ಗಟ್ಟಿ ಮಾಡಿದ್ದಾರೆ ಎಂದರ್ಥ. ಅದರ ಹರಿತ ಬಹುಕಾಲ ಉಳಿಯುತ್ತದೆ. ಆದರೆ ಮೊಂಡಾದ ಮೇಲೆ ಅರ ಹಾಕಿ ಮಸೆಯಲಾಗದು, ಅಲಗನ್ನೇ ಬದಲಿಸಬೇಕು. ಬಿಡಿ ಅಲಗು ಸಿಗದ ಅಗ್ಗದ ಗರಗಸ ಆ ದಿನವೇ ಗುಜರಿಗೆ. ಹಾಗಾಗಿ ಬಿಡಿ ಅಲಗು ಸಿಗುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ.

ಚಾರಣಕ್ಕೆಂದು ಕೊಳ್ಳುವವರಿಗೆ ಒಂದು ಮಾತು: ಮೀಸಲು ಅರಣ್ಯದಲ್ಲಿ, ಅಭಯಾರಣ್ಯದಲ್ಲಿ ಕೊಂಬೆ ಕೊಯ್ಯುವುದು ಅಪರಾಧ. ಗರಗಸ ಮನೆಯಲ್ಲೇ ಇರಲಿ.

ಒಳ್ಳೆಯ ಗರಗಸ ಕೈಯಲ್ಲಿದ್ದರೂ ಕೊಯ್ಯುವ ಜಾಗ ತಪ್ಪಿದರೆ ಮರಕ್ಕೆ ಕೇಡೇ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಕಾಂಡಕ್ಕೆ ಸಮವಾಗಿ ನುಣ್ಣಗೆ ಕೊಯ್ದು ಆ ಉಬ್ಬನ್ನೂ ತೆಗೆದರೆ ಕೊಳೆ ಒಳಗಿಳಿಯುತ್ತದೆ ಎಂದು ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟರು. ಭಾರದ ಕೊಂಬೆಯಾದರೆ ಬುಡದಿಂದ ಒಂದು ಅಡಿ ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಿರಿ. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ ಕೊಯ್ದರೆ ತೊಗಟೆ ಸುಲಿಯದೆ ಕೊಂಬೆ ಕಳಚಿ ಬೀಳುತ್ತದೆ. ಉಳಿದ ಮೋಟನ್ನು ಉಬ್ಬಿನ ಹೊರಗೆ ಕೊಯ್ಯಬೇಕು. ಬಿಲ್ಲಿನಾಕಾರದ ದೊಡ್ಡ ಗರಗಸ ಆ ಇಕ್ಕಟ್ಟಿನ ಕವಲಿಗೆ ಹೋಗುವುದಿಲ್ಲ. ಮೊನೆ ಕಿರಿದಾದ ಮಡಚುವ ಗರಗಸ ಸಲೀಸಾಗಿ ಹೋಗುತ್ತದೆ.