ಕಸದ ಲಾರಿ ಮತ್ತು ಟ್ರೈಲರ್ ಲಾರಿ: ಲೆಕ್ಕಾಚಾರ ಒಂದೇ ಅಲ್ಲ

ತೋರಣಗಲ್ಲಿನಿಂದ ಉಕ್ಕಿನ ಸುರುಳಿಗಳನ್ನು ಹೊತ್ತು ಹೆದ್ದಾರಿಯಲ್ಲಿ ಸಾಗುವ ಟ್ರೈಲರ್ ಲಾರಿಯೂ, ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಕಸ ತುಂಬಿಕೊಳ್ಳುವ ಕಾಂಪ್ಯಾಕ್ಟರ್ ಲಾರಿಯೂ ಭಾರಿ ವಾಣಿಜ್ಯ ವಾಹನಗಳೇ. ಆದರೆ ಒಂದರ ಅನುಭವವನ್ನು ನಂಬಿ ಮತ್ತೊಂದಕ್ಕೆ ಬಂಡವಾಳ ಹೂಡಿದ ಉದ್ಯಮಿ ನಷ್ಟಕ್ಕೆ ಗುರಿಯಾಗುವ ಸಂಭವವೇ ಹೆಚ್ಚು. ಮೊದಲನೆಯದು ದೂರವನ್ನು ಮಾರುತ್ತದೆ, ಎರಡನೆಯದು ಸಮಯವನ್ನು.

ಟ್ರೈಲರ್ ವ್ಯವಸ್ಥೆಯ ತಿರುಳು, ಎಳೆಯುವ ಎಂಜಿನ್ನನ್ನು ಹೊರುವ ಬಾಡಿಯಿಂದ ಬೇರ್ಪಡಿಸುವುದು. ಅಮೆರಿಕದ ಡೆಟ್ರಾಯಿಟ್ ನಗರದ ಕಮ್ಮಾರ ಆಗಸ್ಟ್ ಫ್ರೂಹಾಫ್ 1914ರಲ್ಲಿ ಮರದ ವ್ಯಾಪಾರಿಯೊಬ್ಬರ ದೋಣಿಯನ್ನು ಫೋರ್ಡ್ ಕಾರಿನ ಹಿಂದೆ ಎಳೆದೊಯ್ಯಲು ಇಂತಹ ಗಾಡಿಯೊಂದನ್ನು ನಿರ್ಮಿಸಿಕೊಟ್ಟರು. ಸಣ್ಣ ಕುಲುಮೆಯ ಆ ಕೆಲಸವೇ ಮುಂದೆ ಬೃಹತ್ ಟ್ರೈಲರ್ ಉದ್ಯಮವಾಗಿ ಬೆಳೆಯಿತು. ಟ್ರೈಲರಿನ ಕಿಂಗ್‌ಪಿನ್ನನ್ನು ಮುಂದಿನ ವಾಹನದ ಫಿಫ್ತ್ ವೀಲ್‌ನಿಂದ ಬಿಡಿಸಿದರೆ ಟ್ರೈಲರ್ ಗೋದಾಮಿನಲ್ಲಿ ನಿಂತು ಸರಕು ಇಳಿಸುತ್ತಿರುವಾಗ ಎಂಜಿನ್ ಮತ್ತೊಂದು ಟ್ರೈಲರನ್ನು ಎಳೆದು ಗಳಿಸುತ್ತಿರಬಲ್ಲದು.

ಕಾಂಪ್ಯಾಕ್ಟರಿನಲ್ಲಿ ಈ ಅನುಕೂಲವಿಲ್ಲ. ಕಸವನ್ನು ಒತ್ತುವ ಫಲಕ, ಹೊರದೂಡುವ ತಟ್ಟೆ, ಹೈಡ್ರಾಲಿಕ್ ಸಿಲಿಂಡರುಗಳು ಎಲ್ಲವೂ ಒಂದೇ ಷಾಸಿಯ ಮೇಲಿರುತ್ತವೆ. ಹೈಡ್ರಾಲಿಕ್ ಪಂಪಿಗೆ ಶಕ್ತಿ ಬರುವುದೂ ಸಾಮಾನ್ಯವಾಗಿ ಲಾರಿಯ ಎಂಜಿನ್ನಿನಿಂದಲೇ. ಆದುದರಿಂದ ವಾಹನ ನಿಂತಿದ್ದರೂ ಡೀಸೆಲ್ ಉರಿಯುತ್ತಿರುತ್ತದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ರೂಢಿಯ ಅಳತೆ ಇಲ್ಲಿ ದಾರಿ ತಪ್ಪಿಸುತ್ತದೆ. ಗಂಟೆಗೆ ಎಷ್ಟು ಲೀಟರ್, ಒಂದು ಟನ್ ಕಸಕ್ಕೆ ಎಷ್ಟು ವೆಚ್ಚ ಎಂಬುದೇ ಸರಿಯಾದ ಅಳತೆ.

ತೂಕದ ವಿಚಾರವೂ ಗಮನಾರ್ಹ. ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ ಎರಡು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೂ, ಟ್ರೈಲರ್ ಸಹಿತ ವಾಹನದ ಗರಿಷ್ಠ ಮಿತಿಯನ್ನು 55 ಟನ್ನಿಗೂ ಏರಿಸಿತು. ಟ್ರೈಲರಿನಲ್ಲಿ ಈ ಮಿತಿಯ ಬಹುಪಾಲು ಸರಕಿಗೇ ದೊರೆಯುತ್ತದೆ. ಕಾಂಪ್ಯಾಕ್ಟರಿನಲ್ಲಾದರೋ ಯಂತ್ರಭಾಗಗಳ ತೂಕವೇ ಹಲವು ಟನ್. 14 ಘನ ಮೀಟರಿನ ಬಾಡಿಯಲ್ಲಿ ಘನ ಮೀಟರಿಗೆ 500 ಕಿಲೋ ಎಂದು ಹಿಡಿದರೂ ಕಸದ ಭಾರ 7 ಟನ್ ಆಗುತ್ತದೆ. ಹಗುರವಾದ ಕಾಗದ, ಪ್ಲಾಸ್ಟಿಕ್ಕಿಗೆ ಒತ್ತುವ ಯಂತ್ರ ಬಹು ಉಪಯುಕ್ತ. ನಮ್ಮ ಊರುಗಳ ತರಕಾರಿ ಸಿಪ್ಪೆ, ಅನ್ನ, ಹೂವಿನ ಕಸ ಮೊದಲೇ ಒದ್ದೆ, ಮೊದಲೇ ಭಾರ. ಅದನ್ನು ಮತ್ತಷ್ಟು ಒತ್ತಿದರೆ ರಸ ಹೊರಬರುತ್ತದೆಯೇ ಹೊರತು ಲಾಭ ಹೆಚ್ಚುವುದಿಲ್ಲ.

ಆ ರಸವೇ ಉಕ್ಕಿನ ತಗಡಿಗೆ ಶತ್ರು. ಬಾಡಿಯ ತಳ ತುಕ್ಕು ಹಿಡಿಯುತ್ತದೆ, ಸಿಲಿಂಡರಿನ ಸೀಲುಗಳು ಮತ್ತು ಹೋಸುಗಳು ಸವೆಯುತ್ತವೆ. ನಿಂತು ನಿಂತು ಸಾಗುವುದರಿಂದ ಕ್ಲಚ್, ಬ್ರೇಕುಗಳಿಗೂ ಆಯುಷ್ಯ ಕಡಿಮೆ. ಟ್ರೈಲರ್ ಮಾಲೀಕರ ಮುಖ್ಯ ಚಿಂತೆ ಬೇರೆ: ಟಯರು, ಟೋಲ್ ಹಾಗೂ ಮರಳಿ ಬರುವಾಗ ದೊರೆಯುವ ಸರಕು. ಕಸದ ಲಾರಿಗೆ ಮರಳುವ ಸರಕೆಂಬುದೇ ಇಲ್ಲ. ಅದರ ಆದಾಯ ಗುತ್ತಿಗೆಯ ದರ ಮತ್ತು ಬಿಲ್ ಪಾವತಿಯಾಗುವ ಅವಧಿಯನ್ನು ಅವಲಂಬಿಸಿದೆ. ಸಾಲದ ಕಂತು ಮಾತ್ರ ಬಿಲ್ಲಿಗಾಗಿ ಕಾಯುವುದಿಲ್ಲ.

ದೊಡ್ಡ ನಗರಗಳಲ್ಲಿ ಎರಡೂ ವಿಧಗಳು ಒಂದಕ್ಕೊಂದು ಪೂರಕವಾಗುವುದುಂಟು. ಸಣ್ಣ ವಾಹನಗಳು ಮನೆಮನೆಯ ಕಸವನ್ನು ವರ್ಗಾವಣೆ ಕೇಂದ್ರಕ್ಕೆ ತಂದರೆ, ಅಲ್ಲಿಂದ ದೂರದ ಸಂಸ್ಕರಣಾ ಘಟಕಕ್ಕೆ ಟ್ರೈಲರ್ ಸಾಗಿಸುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಇದು ರೂಢಿಯಲ್ಲಿದೆ. ಬೆಂಗಳೂರಿನಲ್ಲಿ ಆಟೋ ಟಿಪ್ಪರುಗಳಿಂದ ಕಾಂಪ್ಯಾಕ್ಟರಿಗೆ ಕಸ ವರ್ಗಾಯಿಸುವ ಪದ್ಧತಿಯ ಹಿಂದಿರುವುದೂ ಇದೇ ತತ್ವ: ಸಂಗ್ರಹಿಸುವ ವಾಹನ ದೂರ ಓಡಬಾರದು, ದೂರ ಓಡುವ ವಾಹನ ಬೀದಿಯಲ್ಲಿ ಕಾಯಬಾರದು.

ಸಣ್ಣ ತಯಾರಕರಿಗೆ ಇಲ್ಲಿ ಅವಕಾಶವಿದೆ. ಕಸದ ಲಾರಿಯ ಸಿಲಿಂಡರು, ಸೀಲು, ತಳದ ತಗಡು ಪದೇ ಪದೇ ಬದಲಾಗುವ ಭಾಗಗಳು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಎಂಜಿನಿಯರಿಂಗ್ ಘಟಕಗಳಿಗೆ ಇವು ಕೈಗೆಟುಕದ ಕೆಲಸಗಳಲ್ಲ. ವಾಹನ ಕೊಳ್ಳುವವರಿಗಾದರೆ ಒಂದೇ ಕಿವಿಮಾತು: ಷೋರೂಮಿನಲ್ಲಿ ಅಶ್ವಶಕ್ತಿಯನ್ನು ವಿಚಾರಿಸುವ ಮೊದಲು, ದಿನಕ್ಕೆ ವಾಹನ ಎಷ್ಟು ಗಂಟೆ ಓಡುವುದು, ಎಷ್ಟು ಗಂಟೆ ನಿಲ್ಲುವುದು ಎಂಬುದನ್ನು ಬರೆದಿಟ್ಟುಕೊಳ್ಳುವುದು ಲೇಸು.