ಹಿಂಡಿಯ ಊರಿಗೆ ಪ್ರೋಟೀನ್ ಡಬ್ಬಿ ಬಂದ ದಾರಿ

ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಶೇಂಗಾ ಅರೆದರೆ ಎಣ್ಣೆ ಒಂದು ಕಡೆ ಇಳಿಯುತ್ತದೆ, ಕಂದು ಬಣ್ಣದ ಹಿಂಡಿ ಬಿಸಿ ಆರುವ ಮೊದಲೇ ಚೂರುಚೂರಾಗಿ ಇನ್ನೊಂದು ಕಡೆ ಉದುರುತ್ತದೆ. ಎಣ್ಣೆ ಊರೂರಿಗೆ ಹೋಗುತ್ತದೆ, ಹಿಂಡಿ ಎಮ್ಮೆ–ಹಸುಗಳ ಬಾನಿಗೆ. ಸಿಪ್ಪೆ ಬಿಡಿಸಿ ಅರೆದ ಬೀಜದ ಹಿಂಡಿಯಲ್ಲಿ ನೂರು ಗ್ರಾಂಗೆ 40 ಗ್ರಾಂ ಮೀರಿ ಪ್ರೋಟೀನ್ ಇರುತ್ತದೆ. ತೂಕ ಇಳಿಸಲು ಹೊರಟವರು ಇಂದು ದುಡ್ಡು ಸುರಿದು ಕೊಳ್ಳುವ ವೇ ಪ್ರೋಟೀನ್ ಕೂಡ ಚೀಸ್ ತಯಾರಿಸಿದ ಮೇಲೆ ಉಳಿಯುವ ತಿಳಿನೀರಿನಿಂದ ತೆಗೆದದ್ದು. ಎರಡೂ ಒಂದು ಕಾಲಕ್ಕೆ ಬೇಡವಾಗಿ ಉಳಿದ ಸರಕುಗಳೇ. ಒಂದು ದನದ ಬಾಯಿಗೆ, ಇನ್ನೊಂದು ಮಿರುಗುವ ಡಬ್ಬಿಗೆ ಹೋದದ್ದು ಹೇಗೆ ಎಂದು ನೋಡಿದರೆ, ಪ್ರೋಟೀನ್ ಬಗ್ಗೆ ನಾವು ನಂಬಿರುವ ಅರ್ಧ ವಿಷಯ ಸ್ಪಷ್ಟವಾಗುತ್ತದೆ.

ನಮ್ಮ ನಾಡಿನಲ್ಲಿ ಪ್ರೋಟೀನ್ ಮೊದಲು ಸುದ್ದಿಯಾದದ್ದು ದಪ್ಪಗಿದ್ದವರಿಗಾಗಿ ಅಲ್ಲ, ಬಡಕಲು ಮಕ್ಕಳಿಗಾಗಿ. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ಕೈಗೆತ್ತಿಕೊಂಡ ಮೊದಮೊದಲ ಕೆಲಸಗಳಲ್ಲಿ ಶೇಂಗಾ ಹಿಂಡಿಯನ್ನು ಮನುಷ್ಯರು ತಿನ್ನುವಂತೆ ಮಾಡುವುದೂ ಒಂದು. ಮೂರು ಪಾಲು ಶೇಂಗಾ ಹಿಟ್ಟು, ಒಂದು ಪಾಲು ಹುರಿದ ಕಡಲೆ ಹಿಟ್ಟು, ಜೊತೆಗೆ ಸುಣ್ಣದ ಅಂಶ ಮತ್ತು ವಿಟಮಿನ್ ಬೆರೆಸಿದ ಆ ಪುಡಿಗೆ ವಿವಿಧೋದ್ದೇಶ ಆಹಾರ ಎಂದು ಹೆಸರಿಟ್ಟರು. ಆಮೇಲೆ ಶೇಂಗಾ ಪ್ರೋಟೀನನ್ನು ಹಾಲಿಗೆ ಬೆರೆಸಿದ ಮಿಲ್ಟೋನ್ ಬಂತು. ಜಗತ್ತಿನ ಹಸಿವು ಎಂದರೆ ಪ್ರೋಟೀನ್ ಕೊರತೆ ಎಂದೇ ಆಗ ಹೆಚ್ಚಿನ ತಜ್ಞರು ತಿಳಿದಿದ್ದರು. ಆದರೆ ಹೊಟ್ಟೆ ತುಂಬ ಊಟವೇ ಇಲ್ಲದ ಮಗುವಿನ ದೇಹ ಪ್ರೋಟೀನನ್ನೂ ಉರುವಲಾಗಿ ಸುಟ್ಟುಬಿಡುತ್ತದೆ, ಮೊದಲು ಊಟ ಕೊಡಿ ಎಂದು ಪೋಷಣೆಯ ಬಗ್ಗೆ ಅಧ್ಯಯನ ಮಾಡಿದ್ದ ಪಿ.ವಿ. ಸುಖಾತ್ಮೆ, ಸಿ. ಗೋಪಾಲನ್ ಅಂಥವರು ವಾದಿಸಿದರು. 1974ರಲ್ಲಿ ಪೋಷಣಾ ತಜ್ಞ ಡೊನಾಲ್ಡ್ ಮೆಕ್ಲಾರೆನ್ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಆ ಇಡೀ ಅಬ್ಬರವನ್ನು ಮಹಾ ವೈಫಲ್ಯವೆಂದು ಕರೆದರು. ಒಂದೇ ಪೋಷಕಾಂಶವನ್ನು ಊಟದಿಂದ ಬಿಡಿಸಿ ಪೂಜಿಸುವ ತಪ್ಪನ್ನು ನಾವು ಹೀಗೆ ಒಮ್ಮೆ ಮಾಡಿ ಮುಗಿಸಿದ್ದೇವೆ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಪ್ರೋಟೀನ್ ಹೊಸ ಗಿರಾಕಿಗಳನ್ನು ಹುಡುಕಿಕೊಂಡಿತ್ತು. ಪಿಷ್ಟ ಬಿಟ್ಟು ಮಾಂಸ ತಿಂದು ತೂಕ ಇಳಿಸಿದ್ದನ್ನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ 1863ರಲ್ಲೇ ಬರೆದಿದ್ದ. 1972ರಲ್ಲಿ ಬಂದ ರಾಬರ್ಟ್ ಅಟ್ಕಿನ್ಸ್ ಪುಸ್ತಕ ಆ ದಾರಿಯನ್ನು ಮನೆಮನೆಗೆ ಮುಟ್ಟಿಸಿತು. ಕೆಲವೇ ವರ್ಷಗಳಲ್ಲಿ, ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಕೀಳುದರ್ಜೆಯ ಪ್ರೋಟೀನ್ ದ್ರವವನ್ನೇ ಕುಡಿದುಕೊಂಡಿದ್ದವರಲ್ಲಿ ಹೃದಯದ ಬಡಿತ ತಪ್ಪಿ ಸುಮಾರು 60 ಜನ ಸತ್ತ ವರದಿಗಳು ಬಂದವು. ಇಂದಿನ ಪುಡಿಗಳು ಅಂಥವಲ್ಲ, ನಿಜ. ಅವುಗಳ ಜೊತೆ ಬಂದ ಭರವಸೆ ಮಾತ್ರ ಹಳೆಯದೇ.

ಆ ಭರವಸೆಯಲ್ಲಿ ಸತ್ಯವಿಲ್ಲವೆಂದಲ್ಲ. ಪ್ರೋಟೀನ್ ಬೇಗ ಹೊಟ್ಟೆ ತುಂಬಿಸುತ್ತದೆ. ಅದನ್ನು ಅರಗಿಸಲು ದೇಹ ಅದರದೇ ಶಕ್ತಿಯ ಶೇ 20ರಿಂದ 30ರಷ್ಟನ್ನು ಖರ್ಚು ಮಾಡುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುವುದನ್ನು, ಮೈಗೆ ಕೆಲಸ ಕೊಟ್ಟರೆ, ತಕ್ಕಮಟ್ಟಿಗೆ ತಡೆಯುತ್ತದೆ. ವಯಸ್ಸಾದವರಿಗೆ ಇದು ದೊಡ್ಡ ಲಾಭ. ಆದರೆ 2009ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ ಅಧ್ಯಯನ ನೋಡಿ. 811 ಜನರನ್ನು ಎರಡು ವರ್ಷ ಬೇರೆ ಬೇರೆ ಪಥ್ಯಗಳಲ್ಲಿಟ್ಟಾಗ, ಶಕ್ತಿಯ ಶೇ 25ರಷ್ಟನ್ನು ಪ್ರೋಟೀನಿನಿಂದ ಪಡೆಯಬೇಕಾಗಿದ್ದವರು ಸರಾಸರಿ 3.6 ಕಿಲೊ ಇಳಿದರು, ಶೇ 15ರವರು 3 ಕಿಲೊ. ಗಣನೆಗೆ ಬರುವ ವ್ಯತ್ಯಾಸವಲ್ಲ. ತೂಕ ಇಳಿಸಿದ್ದು ಒಟ್ಟು ಕ್ಯಾಲೊರಿಯ ಕಡಿತ. ಪ್ರೋಟೀನ್ ಹೆಚ್ಚೆಂದರೆ ಹಸಿವು ತಾಳಿಕೊಳ್ಳಲು ಸಹಾಯ ಮಾಡೀತು. ಸಹಾಯಕ್ಕೆ ಎಷ್ಟು ಬೇಕೋ ಅಷ್ಟು ಸಾಕು.

ಹೆಚ್ಚಾದರೆ ಆಗುವುದೇನು? ಪ್ರೋಟೀನ್ ಹೆಚ್ಚಿದಂತೆ ಮೂತ್ರಪಿಂಡದ ಸೋಸುವ ಕೆಲಸವೂ ಹೆಚ್ಚುತ್ತದೆ. ಆರೋಗ್ಯವಂತರ ಮೂತ್ರಪಿಂಡ ಇದರಿಂದಲೇ ಕೆಟ್ಟಿತೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ ಎಂದು ಡಬ್ಬಿಯ ಪರ ಇರುವವರು ಹೇಳುವುದು ಸರಿಯೇ. ಆದರೆ ತೂಕ ಹೆಚ್ಚಿದವರಲ್ಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೆಚ್ಚು. ಅವೆರಡೂ ಮೂತ್ರಪಿಂಡವನ್ನು ವರ್ಷಗಟ್ಟಲೆ ಸದ್ದಿಲ್ಲದೆ ತಿನ್ನುತ್ತವೆ. ಹಾಗೆ ಮೂತ್ರಪಿಂಡ ಸವೆದವರಿಗೆ ಹೆಚ್ಚುವರಿ ಪ್ರೋಟೀನ್ ಹಾನಿಯನ್ನೇ ಚುರುಕುಗೊಳಿಸಬಹುದು. ನಮ್ಮ ಕಡೆ ಇನ್ನೂ ಹೆಚ್ಚಿನ ಎಚ್ಚರ ಬೇಕು: ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಕೊಳವೆಬಾವಿಗಳ ಫ್ಲೋರೈಡ್ ಕಾಟ ಬೇರೆ. ಮೈಯಿಂದ ಫ್ಲೋರೈಡ್ ಹೊರಹಾಕುವುದೂ ಮೂತ್ರಪಿಂಡವೇ. ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದು, ಮಾಂಸ ಮಾತ್ರ ಹೆಚ್ಚಿಸಿದರೆ ಕಲ್ಲು ಕಟ್ಟುವ ಅಪಾಯವೂ ಏರುತ್ತದೆ. ಡಬ್ಬಿ ತೆರೆಯುವ ಮೊದಲು ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ನೋಡಿಸಿಕೊಳ್ಳಿ ಎಂದು ಒತ್ತಿ ಹೇಳಬೇಕಾದದ್ದು ಇದಕ್ಕೇ.

ಹಾಗಾದರೆ ನಮ್ಮ ಊಟದಲ್ಲಿ ಪ್ರೋಟೀನ್ ಕಡಿಮೆ ಎಂಬ ದೂರು ಸುಳ್ಳೇ? ಸುಳ್ಳಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೇ ಭಾರತೀಯರ ಶಕ್ತಿಯ ಶೇ 50ರಿಂದ 70ರಷ್ಟು ಧಾನ್ಯದಿಂದ ಬರುತ್ತಿದೆ, ಅದು ಶೇ 45 ಮೀರಬಾರದು ಎನ್ನುತ್ತದೆ. ಪ್ರೋಟೀನ್ ಪುಡಿ ಬೇಡವೆಂದೂ ಹೇಳುತ್ತದೆ. ಲೆಕ್ಕ ಹಾಕೋಣ. 60 ಕಿಲೊ ತೂಕದವರಿಗೆ, ಕಿಲೊಗೆ 0.83 ಗ್ರಾಂನಂತೆ, ದಿನಕ್ಕೆ 50 ಗ್ರಾಂ ಸಾಕು. 300 ಗ್ರಾಂ ರಾಗಿಹಿಟ್ಟಿನ ಮುದ್ದೆಗಳಿಂದ 21 ಗ್ರಾಂ, ಸಾರಿನ 60 ಗ್ರಾಂ ಹುರುಳಿಕಾಳಿನಿಂದ 13, ಒಂದು ಹಿಡಿ ಶೇಂಗಾ ಚಟ್ನಿಯಿಂದ 7, ಒಂದು ಲೋಟ ಮೊಸರಿನಿಂದ 6. ಗುರಿಯ ಹತ್ತಿರ ಬಂದೆವು. ಈಗ ಮುದ್ದೆಯ ಹಿಟ್ಟನ್ನು 100 ಗ್ರಾಂ ತಗ್ಗಿಸಿ, ಹುರುಳಿಯನ್ನು 50 ಗ್ರಾಂ ಏರಿಸಿ: ಸುಮಾರು 155 ಕ್ಯಾಲೊರಿ ಇಳಿಯುತ್ತದೆ, ಪ್ರೋಟೀನ್ ಮಾತ್ರ 3–4 ಗ್ರಾಂ ಏರುತ್ತದೆ. ತೊಂದರೆ ಇರುವುದು ತೆಳ್ಳನೆಯ ಸಾರಿನಲ್ಲಿ; ಕಾಳು ತಳ ಸೇರಿ ನೀರು ಮೇಲೆ ನಿಂತ ಸಾರಿನಲ್ಲಿ ಮುದ್ದೆ ಮುಳುಗಿಸಿದರೆ ಈ ಲೆಕ್ಕ ಕೂಡುವುದಿಲ್ಲ.

ಶೇಂಗಾವನ್ನೇ ಹೆಚ್ಚು ತಿಂದರಾಗದೇ ಎಂದರೆ, ಆಗದು. ನೂರು ಗ್ರಾಂನಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೂ 40 ಗ್ರಾಂ ಕೊಬ್ಬೂ 520 ಕ್ಯಾಲೊರಿಯೂ ಇವೆ. ತೂಕ ಇಳಿಸುವವರಿಗೆ ಹಿಡಿಯಷ್ಟೇ ಮಿತಿ. ಎಣ್ಣೆ ತೆಗೆದ ಹಿಟ್ಟಾದರೆ ಮಾತು ಬೇರೆ, ಮೈಸೂರಿನವರು ಅಂದೇ ಕಂಡುಕೊಂಡದ್ದು ಅದನ್ನೇ. ಅದು ಚಳ್ಳಕೆರೆಯ ತಟ್ಟೆಗೆ ಬರಲು ಒಂದು ನಿಜವಾದ ಅಡ್ಡಿಯಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಆ ಬೂಷ್ಟು ಹೊಲದಲ್ಲೇ ಹತ್ತುತ್ತದೆ, ಒದ್ದೆ ಕಾಯಿ ಕೂಡಿಟ್ಟರೆ ಹಬ್ಬುತ್ತದೆ. ಬೀಜ ಅರೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹೊಲದಲ್ಲಿ ಬೇಗ ಒಣಗಿಸುವುದು, ಮುರುಟಿದ, ಬೂಷ್ಟು ಹತ್ತಿದ ಕಾಳನ್ನು ಆರಿಸಿ ತೆಗೆಯುವುದು, ಮಾರುಕಟ್ಟೆಯಲ್ಲಿ ಪ್ರತಿ ರಾಶಿಯನ್ನೂ ಪರೀಕ್ಷಿಸುವುದು – ಇಷ್ಟನ್ನು ಮೊದಲು ಮಾಡಬೇಕು. ಅದೇ ಹಿಂಡಿ ತಿನ್ನುವ ಹಸುವಿನ ಹಾಲಿಗೂ ಈ ವಿಷದ ಅಂಶ ಇಳಿಯುವುದರಿಂದ, ತೂಕ ಇಳಿಸುವ ಯೋಚನೆಯೇ ಇಲ್ಲದ ಮನೆಗೂ ಈ ಕೆಲಸ ಬೇಕಾಗಿದೆ.