ಮನೆತನ ಕೇಳದ ಸಂಗೀತಶಾಲೆ

ಧಾರವಾಡದ ಕರ್ನಾಟಕ ಕಾಲೇಜಿಗೆ ಬಂದವರ ಕಣ್ಣು ಮೊದಲು ಹೋಗುವುದು ಅದರ ಹಳೆಯ ಕಟ್ಟಡದ ಕಡೆಗೆ. ಒಂದು ಕಾಲಕ್ಕೆ ಅದು ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿ; 1917ರಲ್ಲಿ ಆರಂಭವಾದ ಕಾಲೇಜಿಗೆ ಆಮೇಲೆ ಮನೆಯಾಯಿತು. ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗ ಇರುವುದೂ ಇದೇ ಆವರಣದಲ್ಲಿ. ಹತ್ತಿರ ಹೋದಂತೆ ಒಂದು ಕಿಟಕಿಯಿಂದ ತಬಲಾದ ಕಾಯದಾ, ಇನ್ನೊಂದರಿಂದ ಹಾರ್ಮೋನಿಯಂ ಕೇಳಿಸತೊಡಗುತ್ತದೆ.

ಮೊದಲ ಕೋಣೆಯಲ್ಲಿ ತರಗತಿ ಇನ್ನೂ ಶುರುವಾಗಿಲ್ಲ. ಜಮಖಾನೆಯ ಮೇಲೆ ಕೂತ ಹುಡುಗಿಯೊಬ್ಬಳು ತಂಬೂರಿ ಶ್ರುತಿ ಮಾಡುತ್ತಿದ್ದಾಳೆ. ಮಂದ್ರ ಪಂಚಮ, ನಡುವಿನ ಜೋಡಿ ತಂತಿ, ಕೊನೆಗೆ ಖರ್ಜ. ಬಿರಡೆ ತಿರುವಿ ಸ್ವರ ಕೂಡಿಸಿದ್ದಾಯಿತು, ಮಣಿ ಸರಿಸಿ ಎಳೆಯಷ್ಟು ಏರಿಳಿಸಿದ್ದೂ ಆಯಿತು. ಆದರೂ ನಾದ ಬಿಚ್ಚಿಕೊಳ್ಳುತ್ತಿಲ್ಲ. ಘೋಡಿಯ ಮೇಲೆ ತಂತಿಯ ಅಡಿಗೆ ಸಿಕ್ಕಿಸಿದ ಹತ್ತಿಯ ದಾರವನ್ನು ಉಗುರ ತುದಿಯಿಂದ ಹಿಂದೆ ಮುಂದೆ ಜರುಗಿಸುತ್ತಾಳೆ. ಕೂದಲೆಳೆಯಷ್ಟು ಸರಿದರೆ ಸಾಕು, ಮಂಕಾಗಿದ್ದ ತಂತಿ ಝೇಂಕರಿಸುತ್ತದೆ. ದಾರ ಆ ಜಾಗಕ್ಕೆ ಬಂದ ಕ್ಷಣ ಅವಳ ಕೈ ನಿಲ್ಲುತ್ತದೆ. ಒಳಗೆ ಬಂದ ಮೇಡಂ ನಿಂತಲ್ಲೇ ಕಿವಿಗೊಟ್ಟು, "ಖರ್ಜ ಇನ್ನೂ ಒಂಚೂರು ಏರೇತಿ ನೋಡವಾ" ಅನ್ನುತ್ತಾರೆ. ಅವಳು ಮತ್ತೆ ಬಗ್ಗುತ್ತಾಳೆ. ಸ್ವಿಚ್ ಹಾಕಿದರೆ ನುಡಿಯುವ ಎಲೆಕ್ಟ್ರಾನಿಕ್ ತಂಬೂರಿ ಪಕ್ಕದಲ್ಲೇ ಇದೆ. ಆದರೂ ಮೊದಲ ವರ್ಷದವರಿಂದ ತಂತಿಯ ತಂಬೂರಿಯನ್ನೇ ಶ್ರುತಿ ಮಾಡಿಸುತ್ತಾರೆ. ಅದು ಸರಿಯಾದ ಹಟ. ಕಿವಿ ತಯಾರಾಗುವುದು ಈ ಹೊತ್ತಿನಲ್ಲಿಯೇ.

ತಂಬೂರಿ ಮೀರಜಿನದು. ಅಲ್ಲಿಯ ಕುಶಲಕರ್ಮಿಗಳು ಕುಂಬಳದ ಬುರುಡೆ ಒಣಗಿಸಿ ಕಟ್ಟುವ ತಂಬೂರಿ, ಸಿತಾರ್‌ಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಧಾರವಾಡದ ಹಾಡಿಕೆಗೂ ಮೀರಜಿಗೂ ನಂಟು ಹಳೆಯದು. ಈ ವಿಭಾಗದ ಚುಕ್ಕಾಣಿ ಹಿಡಿದಿದ್ದ ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ಮೀರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಗಾಯಕಿ ಕಲಿತವರು. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಜೈಪುರ-ಅತ್ರೌಲಿ ಘರಾಣೆಯ ವಿದ್ಯೆ ಪಡೆದರು. ಊರು ಧಾರವಾಡದ ಮಗ್ಗುಲಿನ ಮನಸೂರ. ಶಾಲೆಗಿಂತ ನಾಟಕ ಕಂಪನಿಯೇ ಅವರನ್ನು ಬೆಳೆಸಿತು. ಹಾನಗಲ್ಲ ಗಂಗೂಬಾಯಿಯವರು ಇದೇ ವಿಶ್ವವಿದ್ಯಾಲಯದ ಗೌರವ ಪ್ರಾಧ್ಯಾಪಕಿಯಾಗಿದ್ದರು. ಅವರ ಶಾಲೆಯ ಓದೂ ಪ್ರಾಥಮಿಕದಾಚೆ ಹೋಗಿರಲಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತವರು ಅವರು. ಪದವಿಯಿಲ್ಲದ ಇವರಿಬ್ಬರನ್ನೂ ಪದವಿ ಕೊಡುವ ಪೀಠಕ್ಕೆ ಕರೆದ ವಿಶ್ವವಿದ್ಯಾಲಯದ ದೊಡ್ಡತನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅರ್ಹತಾ ಪರೀಕ್ಷೆ, ಪ್ರಬಂಧಗಳ ಸಂಖ್ಯೆ, ಅಂಕಪಟ್ಟಿ ಎನ್ನುವ ಇಂದಿನ ನೇಮಕಾತಿ ನಿಯಮಗಳೊಳಗೆ ಅಂಥ ಕರೆ ಹೋಗುವುದು ಕಷ್ಟ.

ಎರಡನೆಯ ಕೋಣೆಯಲ್ಲಿ ಎಂ.ಎ. ತರಗತಿ. ಗಡಿಯಾರದಲ್ಲಿ ಹನ್ನೊಂದೂವರೆ, ಹಾಡುತ್ತಿರುವುದು ಯಮನ್. ಸಂಜೆ ದೀಪ ಹಚ್ಚಿದ ಮೇಲೆ ಹಾಡುವ ರಾಗವನ್ನು ನೆತ್ತಿಗೆ ಬಿಸಿಲೇರುವ ಹೊತ್ತಿಗೆ ಕಲಿಸಬೇಕಾದದ್ದು ವೇಳಾಪಟ್ಟಿಯ ಅನಿವಾರ್ಯ. ಗುರುವಿನ ಮನೆಯಲ್ಲಿ ಇದ್ದು ಕಲಿತವನಿಗೆ ಬೆಳಗಿನ ಜಾವದ ಖರ್ಜ ಸಾಧನೆಯೂ ಸಿಗುತ್ತಿತ್ತು, ನಡುರಾತ್ರಿಯ ದರಬಾರಿಯೂ ಸಿಗುತ್ತಿತ್ತು. ಇಲ್ಲಿ ಪಿರಿಯಡ್ ಮುಗಿದರೆ ಹಾಡು ಬಂದಲ್ಲಿಗೇ ನಿಲ್ಲಬೇಕು. ವಿಲಂಬಿತ ಏಕತಾಲದಲ್ಲಿ ಬಡಾ ಖ್ಯಾಲಿನ ಬಢತ್ ಮಂದ್ರದಿಂದ ಮೇಲೇರಿ ತಾರ ಷಡ್ಜ ಮುಟ್ಟುವಷ್ಟರಲ್ಲಿ ಮುಂದಿನ ತರಗತಿಯವರು ಬಾಗಿಲಲ್ಲಿ ನಿಂತಿರುತ್ತಾರೆ. ಇದು ನಿಜವಾದ ನಷ್ಟ. ಹಾಗೆಂದು ಗುರುಕುಲವೇ ಚೆಂದ, ಇದೆಲ್ಲ ವ್ಯರ್ಥ ಎನ್ನುವವರ ಮಾತನ್ನು ಒಪ್ಪಲು ಈ ಕೋಣೆಯಲ್ಲಿ ಕೂತವರನ್ನು ನೋಡಿದ ಮೇಲೆ ನನ್ನಿಂದಾಗದು.

ಯಾಕೆಂದರೆ ಇಲ್ಲಿ ಕೂತವರಲ್ಲಿ ಹೆಚ್ಚಿನವರದು ಗವಾಯಿಗಳ ಮನೆಯಲ್ಲ. ಒಬ್ಬನ ಅಪ್ಪ ನವಲಗುಂದದ ಕಡೆ ಒಕ್ಕಲುತನ ಮಾಡುತ್ತಾನೆ. ಊರ ಭಜನಾ ಮೇಳದಲ್ಲಿ ತಾಳ ಹಿಡಿದದ್ದೇ ಮಗನಿಗೆ ಮೊದಲ ಪಾಠ. ದಿನಾ ಬಸ್ಸಿಗೆ ಬರುವ ಹುಡುಗಿ, ಮಠದ ಪುರಾಣದಲ್ಲಿ ವಚನ ಹಾಡಿ ಬಂದವಳು. ಇಬ್ಬರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದವರು. ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ನೆಲೆ ಅದು. "ನಮ್ಮ ಮನ್ಯಾಗ ಯಾರೂ ಹಾಡಾವ್ರು ಇಲ್ರಿ. ಅರ್ಜಿ ಹಾಕಿದ್ನಿ, ಸೀಟ್ ಸಿಕ್ತು" ಎಂದ ನವಲಗುಂದದ ಹುಡುಗ. ಯಾವ ಘರಾಣೆ, ಯಾರ ಮಗ, ಯಾವ ಜಾತಿ ಎಂದು ಕೇಳದೆ ಬಾಗಿಲು ತೆರೆಯುವ ಜಾಗಗಳು ಈ ವಿದ್ಯೆಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಓಣಿಯಂಥ ಪಡಸಾಲೆಯ ಕೊನೆಯಲ್ಲಿ ಪುಸ್ತಕದ ಕಪಾಟುಗಳ ನಡುವೆ ಸಂಶೋಧನೆಯವರು ಕೂರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಕೇಳುತ್ತಿದ್ದವಳ ವಿಷಯ ಜೈಪುರ ಘರಾಣೆಯ ಅಪರೂಪದ ರಾಗಗಳು. ಹಾಕಿಕೊಂಡಿದ್ದು ಮನ್ಸೂರರ ಏಕ ನಿಷಾದ ಬಿಹಾಗಡಾ. ಸಾಮಾನ್ಯವಾಗಿ ಬಿಹಾಗಡಾದಲ್ಲಿ ಕೋಮಲ, ಶುದ್ಧ ಎರಡೂ ನಿಷಾದಗಳಿರುತ್ತವೆ. ಇದರಲ್ಲಿ ಶುದ್ಧ ನಿಷಾದವೊಂದೇ. ಆ ಕೋಮಲ ನಿಷಾದ ಬಿಟ್ಟುಹೋದರೆ ಬಿಹಾಗದಿಂದ ಇದನ್ನು ಬೇರೆ ಮಾಡುವುದು ಯಾವುದು? ನನ್ನ ಕಿವಿಗೆ ಹೆಡ್‌ಫೋನ್ ಹಚ್ಚಿ, "ಇಲ್ಲೆ ಕೇಳ್ರಿ ಸರ್, ಧೈವತದ ಮ್ಯಾಲೆ ಹೆಂಗ ನಿಂತು ಹೊಳ್ಳತಾರ" ಎಂದಳು. ಎಂಟು ಸೆಕೆಂಡಿನ ತುಣುಕು. ಉಸಿರು ತೆಗೆದುಕೊಳ್ಳಲೂ ಪುರಸೊತ್ತಿಲ್ಲದಂತೆ ಸ್ವರಗಳು ಒಂದರ ಬೆನ್ನಿಗೊಂದು ಉರುಳುತ್ತವೆ. ಅವಳ ನೋಟುಬುಕ್ಕಿನಲ್ಲಿ ಅದೇ ತುಣುಕಿನ ಸ್ವರಲಿಪಿ ಮೂರು ಬಗೆಯಲ್ಲಿದೆ, ಎರಡರ ಮೇಲೆ ಕಾಟು ಹೊಡೆದಿದ್ದಾಳೆ. ಬರೆದದ್ದನ್ನು ತಾನೇ ಹಾಡಿ ನೋಡುತ್ತಾಳಂತೆ; ಗಂಟಲು ಒಪ್ಪದಿದ್ದರೆ ಬರೆದದ್ದು ತಪ್ಪು. ಪಂಡಿತರೇ ಬೇರೆ, ಹಾಡುವವರೇ ಬೇರೆ ಎಂಬ ಗೋಡೆ ಬಿದ್ದುಹೋಗಬೇಕಾದದ್ದು ಹೀಗೆಯೇ. ಹಾಡಿಕೆಯೆಂಬ ಲಕ್ಷ್ಯವಿಲ್ಲದ ಲಕ್ಷಣ ಗ್ರಂಥವಾಗಿ ಉಳಿದೀತು, ಸಂಗೀತವಾಗಲಾರದು.

ಮನ್ಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿ ಇದೇ ಊರಿನಲ್ಲಿದೆ. 1950ರಲ್ಲಿ ಪ್ರಸಾರ ಶುರು ಮಾಡಿದ ಧಾರವಾಡ ಆಕಾಶವಾಣಿಯೂ ಇಲ್ಲೇ ಇದೆ. ಸಿತಾರರತ್ನ ರಹಿಮತ್ ಖಾನರು ಬಂದು ನೆಲೆನಿಂತ ಊರೂ ಇದೇ. ಮೊಮ್ಮಗ ಬಾಲೇಖಾನರವರೆಗೂ ಆ ಮನೆಯ ಸಿತಾರ್ ಇಲ್ಲಿ ನುಡಿಯಿತು. ವಿದ್ಯಾರ್ಥಿಗೆ ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ಸಿಗುವ ಊರು ನಾಡಿನಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಊಟದ ಹೊತ್ತಿಗೆ ಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತವರ ಮಾತೆಲ್ಲ ಆಕಾಶವಾಣಿಯ ಆಡಿಷನ್ ಬಗ್ಗೆ. ಮೊದಲು 'ಬಿ' ಶ್ರೇಣಿ ಸಿಗಬೇಕು, ಆಮೇಲೆ 'ಬಿ ಹೈ', 'ಎ', ತುದಿಗೆ 'ಟಾಪ್'. ಶ್ರೇಣಿ ಸಿಕ್ಕರೆ ಹೆಸರು ಬರುತ್ತದೆ, ಹೊಟ್ಟೆ ತುಂಬುವುದು ಬೇರೆ ಮಾತು. ಸರಕಾರಿ ಶಾಲೆಗೆ ಸಂಗೀತ ಶಿಕ್ಷಕರ ಹುದ್ದೆ ಕರೆದಾರೆಯೇ ಎಂದು ಎರಡನೆಯ ವರ್ಷದವರು ಕಾಯುತ್ತಿದ್ದಾರೆ. ನವಲಗುಂದದ ಹುಡುಗ ಮಾತ್ರ ಕಾಯಲಿಲ್ಲ. ರವಿವಾರ ಊರಿಗೆ ಹೋದಾಗ ಗುಡಿಯ ಕಟ್ಟೆಯ ಮೇಲೆ ಹುಡುಗರನ್ನು ಕೂಡಿಸಿ ಅಲಂಕಾರ ಹೇಳಿಕೊಡುತ್ತಾನೆ. ಫೀ ತೊಗೊತೀಯೇನಪ್ಪ ಎಂದು ಕೇಳಿದೆ. "ಜ್ವಾಳ ಕೊಡ್ತಾರ್ರಿ" ಎಂದು ಹೇಳಿ, ಎರಡು ಗಂಟೆಯ ತರಗತಿಗೆ ತಬಲಾ ಹೊತ್ತುಕೊಂಡು ಎದ್ದ.